ಬಾಗಿಲ ಪಕ್ಕದ ಚಾಪೆ

ಧ್ಯಾನಕ್ಕೆ ಕೂತಾಗ ನಾನು ಒಂದು ಕಣ್ಣನ್ನು ಒಂದಿಷ್ಟೇ ತೆರೆದಿಟ್ಟುಕೊಳ್ಳುತ್ತಿದ್ದೆ. ಜೀವಮಾನವಿಡೀ ಮೇಷ್ಟ್ರಾಗಿದ್ದವನಿಗೆ, ಎಲ್ಲರೂ ಕಣ್ಣು ಮುಚ್ಚಿರುವ ಕೋಣೆಯಲ್ಲಿ ತಾನೂ ಮುಚ್ಚುವ ಧೈರ್ಯ ಬರುತ್ತಿರಲಿಲ್ಲ. ಹಾಗಾಗಿ ನಮ್ಮ ರಾಮನಗರದ ಧ್ಯಾನಕೂಟದಲ್ಲಿ ಯಾರ ಮನಸ್ಸು ಎಲ್ಲಿಗೆ ಹೋಗಿದೆಯೆಂಬುದು ನನ್ನೊಬ್ಬನಿಗೆ ಗೊತ್ತಿತ್ತು. ಹೆಚ್ಚಿನವು ಕಾಫಿಯ ಕಡೆಗೇ ಹೋಗಿರುತ್ತಿದ್ದವು.

ನಮ್ಮದು ಎಲ್ಲರನ್ನೂ ಒಳಗೊಳ್ಳುವ ಕೂಟ. ಗೋಡೆಯ ನಡುವೆ ಬುದ್ಧ, ಅಕ್ಕಪಕ್ಕ ಓಂಕಾರ, ಶಿಲುಬೆ, ಅರ್ಧಚಂದ್ರ. ಅರ್ಧಚಂದ್ರ ಬರೆಸಿ ಎರಡು ವರ್ಷವಾದರೂ ಅದರ ಕಡೆಯವರು ಒಬ್ಬರೂ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನ ಮೂರಕ್ಕೆ ಸೇರಿ ಕರುಣೆ ಕಳಿಸುತ್ತೇವೆ. ಮೊದಲು ನಮಗೆ, ಆಮೇಲೆ ಬೇಕಾದವರಿಗೆ, ಆಮೇಲೆ ಆಗದವರಿಗೆ, ಕೊನೆಗೆ ಹುಳುಹುಪ್ಪಟೆಗಳಿಗೆ. ಕಳಿಸುವ ಮೊದಲು ಪಕ್ಕದ ಕಿಟಕಿಯನ್ನು ಭದ್ರವಾಗಿ ಮುಚ್ಚುತ್ತೇವೆ. ಅದರಾಚೆ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬಿಸಿನೀರಲ್ಲಿ ಬೆಂದ ಹುಳುಗಳ ವಾಸನೆ ಕರುಣೆಗೆ ಅಡ್ಡ ಬರುತ್ತದೆ.

ಒಂದು ಶನಿವಾರ ಆ ಶೆಡ್ಡಿನಿಂದಲೇ ಶಮೀಮಮ್ಮ ಬಂದರು. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುವವರು; ಬೆರಳುಗಳು ನೆನೆದು ಬೆಳ್ಳಗಾಗಿದ್ದವು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ.

"ಮೇಷ್ಟ್ರೇ, ಅರ್ಧ ಗಂಟೆ ಬಿಡುವೈತೆ. ಇಲ್ಲಿ ಒಸಿ ಕೂತ್ಕೋಬೋದಾ?"

ಬಾಗಿಲ ಪಕ್ಕದ ಚಾಪೆ ತೋರಿಸಿದೆ. ಅರ್ಧಚಂದ್ರಕ್ಕೆ ಕೊನೆಗೂ ಒಬ್ಬರು ಸಿಕ್ಕರೆಂದು ನಮ್ಮ ಅಧ್ಯಕ್ಷರು ಫೋಟೊ ಕೂಡ ತೆಗೆಸಿದರು.

ಮೂರನೆಯ ಶನಿವಾರದ ಹೊತ್ತಿಗೆ ಅವರ ಸುತ್ತಲಿನ ಚಾಪೆಗಳೆಲ್ಲ ಗೇಣುಗೇಣೇ ಮುಂದಕ್ಕೆ ಸರಿದು, ಬುದ್ಧನ ಪಾದದ ಬಳಿ ನೂಕುನುಗ್ಗಲಾಯಿತು. ಸರಿದವರಲ್ಲಿ ನಾನೂ ಒಬ್ಬ. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, "ಆಯಮ್ಮಂಗೆ ಸ್ನಾನ ಮಾಡ್ಕೊಂಡು ಬಾ ಅಂತ ನೀವೇ ನಯವಾಗಿ ಹೇಳ್ಬುಡಿ ಮೇಷ್ಟ್ರೇ" ಎಂದರು. ಅರ್ಧ ಗಂಟೆಯ ಬಿಡುವಿನಲ್ಲಿ ಮನೆಗೆ ಹೋಗಿ ಮಿಂದು ಬಾ ಎಂದರೆ ಬರಬೇಡ ಎಂದೇ ಅರ್ಥ. ಹೀಗೆಂದವರ ಹೆಗಲ ಮೇಲಿದ್ದದ್ದು ರೇಷ್ಮೆ ಶಾಲು.

ಹಿಂದೆ ಬುದ್ಧನ ಭಿಕ್ಷುಗಳು ಮಸಣದಲ್ಲಿ ಎಸೆದ ಚಿಂದಿಗಳನ್ನು ಆಯ್ದು ಹೊಲಿದು ಉಡುತ್ತಿದ್ದರಂತೆ. ಆ ಬಟ್ಟೆ ಮಲ್ಲಿಗೆಯಂತೆ ಘಮಘಮಿಸಿರಲಾರದು. ಅವರೇನಾದರೂ ನಮ್ಮ ಕೂಟಕ್ಕೆ ಬಂದಿದ್ದರೆ ಅವರಿಗೂ ನಾನೇ ನಯವಾಗಿ ಹೇಳಬೇಕಾಗುತ್ತಿತ್ತು.

ಶಮೀಮಮ್ಮನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಅಧ್ಯಕ್ಷರಿಗೆ 'ಆಗುವುದಿಲ್ಲ' ಎನ್ನುವ ಎದೆಗಾರಿಕೆಯೂ ಇರಲಿಲ್ಲ. ಎರಡೂ ಇಲ್ಲದವನಿಗೆ ಉಳಿಯುವುದು ಸುಳ್ಳೊಂದೇ. ಮುಂದಿನ ಶನಿವಾರ ಅವರು ಬರುವ ಮೊದಲೇ ಗಂಭೀರವಾಗಿ ಸಾರಿದೆ: "ಕೆಟ್ಟ ವಾಸನೆಯ ಪಕ್ಕ ಕೂತೂ ಮನಸ್ಸು ಕಲಕದಂತೆ ಇರುವುದು ಭಿಕ್ಷುಗಳ ಬಲು ದೊಡ್ಡ ಸಾಧನೆ. ಹೊಸಬರ ಕೈಲಾಗುವ ಕೆಲಸವಲ್ಲ. ನೀವೆಲ್ಲ ದೂರವೇ ಕೂತಿರಿ."

ಹೊಸಬರು ಎಂದದ್ದು ಎಲ್ಲರಿಗೂ ಚುಚ್ಚಿತು. ಅಧ್ಯಕ್ಷರೇ ಮೊದಲು ಚಾಪೆ ಎತ್ತಿಕೊಂಡು ಬಾಗಿಲ ಕಡೆ ಓಡಿದರು. ಶಮೀಮಮ್ಮ ಬಂದು ಕೂತದ್ದೇ ತಡ, ಒಂಬತ್ತು ಜನ ಸುತ್ತಲೂ ಮುತ್ತಿಕೊಂಡು, ಮೂಗರಳಿಸಿ, ದೀರ್ಘವಾಗಿ ಉಸಿರೆಳೆಯತೊಡಗಿದರು. ಒಬ್ಬರ ಕಣ್ಣಲ್ಲಿ ನೀರು ಬಂತು. ಕರುಣೆಗೆ ಬಂತೋ ವಾಸನೆಗೆ ಬಂತೋ ನನ್ನ ಅರೆಗಣ್ಣಿಗೂ ತಿಳಿಯಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅಲ್ಲಿಂದ ಮುಂದೆ ಎರಡು ವಾರ ಶಮೀಮಮ್ಮನ ಸುಳಿವಿಲ್ಲ. ಶೆಡ್ಡಿಗೇ ಹೋಗಿ ಕೇಳಿದೆ. ಬಿಸಿನೀರಿನಿಂದ ಕೈ ತೆಗೆಯದೆಯೇ ನಕ್ಕರು.

"ಮೊದ್ಲೇ ಚೆನ್ನಾಗಿತ್ತು ಮೇಷ್ಟ್ರೇ. ಯಾರೂ ಹತ್ರಕ್ಕೆ ಬತ್ತಿರ್ಲಿಲ್ಲ, ಗೋಡೆಗೆ ಒರಗಿ ಒಸಿ ನಿದ್ದೆ ಮಾಡ್ತಿದ್ದೆ. ನೀವೊಬ್ರು ಅರ್ಧ ಕಣ್ಣಲ್ಲಿ ನೋಡಿದ್ರೂ ಯಾರಿಗೂ ಹೇಳ್ಲಿಲ್ಲ. ಈಗ ಎಲ್ರೂ ಸುತ್ತ ಕೂತ್ಕೊಂಡು ಮೂಸ್ತಾರೆ. ನಿದ್ದೆ ಎಲ್ಲಿಂದ ಬತ್ತೈತೆ?"

ನನಗೆ ನಾಚಿಕೆಯಾಯಿತು. ವಾರಕ್ಕೊಮ್ಮೆ ಸಿಗುತ್ತಿದ್ದ ಅರ್ಧ ಗಂಟೆಯ ನಿದ್ದೆಯನ್ನು ನನ್ನ ಜಾಣತನ ನುಂಗಿಹಾಕಿತ್ತು.

ಬಾಗಿಲ ಪಕ್ಕದ ಚಾಪೆಯ ಮೇಲೆ ಈಗ ಅಧ್ಯಕ್ಷರು, ದೊಡ್ಡ ಸಾಧನೆ ನಡೆದ ಜಾಗವೆಂದು, ಹೂವಿಟ್ಟಿದ್ದಾರೆ, ಯಾರೂ ಕೂರುವಂತಿಲ್ಲ. ಅದು ಕಣ್ಣಿಗೆ ಬೀಳದಿರಲಿ ಎಂದು ಶನಿವಾರ ನಾನು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಯೇ ಕೂರುತ್ತೇನೆ. ಮೇಷ್ಟ್ರು ಸಾಧನೆಯಲ್ಲಿ ಬಹಳ ಮುಂದೆ ಹೋಗಿದ್ದಾರೆಂದು ಕೂಟದಲ್ಲಿ ಎಲ್ಲರಿಗೂ ಮೆಚ್ಚುಗೆ.