ವರಾಂಡ ಮತ್ತು ಹದಿಮೂರನೆಯ ಅಧ್ಯಾಯ

ಧನಕವಡಿಯಲ್ಲಿ ನಮ್ಮ ಕನ್ನಡ ಸಭೆಯ ಚರ್ಚು ಎಂದರೆ ಒಂದು ದೊಡ್ಡ ಕೋಣೆ, ಮುಂದೊಂದು ವರಾಂಡ, ಅದರಾಚೆ ಕಂಪೌಂಡು. ಆರಾಧನೆ ಮುಗಿದ ಮೇಲೆ ವರಾಂಡದಲ್ಲಿ ಚಹಾ. ವಾರವಿಡೀ ಮರಾಠಿಯಲ್ಲೇ ತರಕಾರಿ ಕೊಂಡು, ಮರಾಠಿಯಲ್ಲೇ ನೆರೆಯವರೊಡನೆ ಜಗಳವಾಡುವ ನನ್ನ ತಾಯಿಗೆ ಮನೆಯ ಹೊರಗೆ ಕನ್ನಡ ಸಿಗುವ ಜಾಗ ಅದೊಂದೇ. ನಗರಪಾಲಿಕೆಯಿಂದ ರಸ್ತೆ ಅಗಲೀಕರಣದ ನೋಟೀಸು ಬಂದು, ಕೆಂಪು ಗುರುತು ವರಾಂಡದ ಮೇಲೆಯೇ ಬಿದ್ದಾಗ ಅವಳು ಎರಡು ದಿನ ಊಟ ಬಿಟ್ಟಳು. ಎರಡು ದಿನ ಎಂಬುದು ನನ್ನ ನೆನಪು. ಒಂದೇ ಹೊತ್ತು ಎನ್ನುತ್ತಾಳೆ ನನ್ನ ಹೆಂಡತಿ.

ಆ ಬುಧವಾರದ ವೇದಪಾಠಕ್ಕೆ, ಎಂದರೆ ಬೈಬಲ್ ಓದಿಗೆ, ಬಂದದ್ದು ಅಪೊಸ್ತಲನು ರೋಮಿನವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯ. ಆಳುವವರನ್ನು ನೇಮಿಸಿದವನು ದೇವರೇ, ಅವರಿಗೆ ಅಧೀನರಾಗಿರಿ ಎನ್ನುವ ಭಾಗ. ನಮ್ಮಲ್ಲಿ ಅಧ್ಯಾಯಗಳನ್ನು ಸಾಲಾಗಿ ಓದುತ್ತೇವೆ, ಕಠಿಣವೆಂದು ಯಾವುದನ್ನೂ ಹಾರಿಸುವಂತಿಲ್ಲ. ಆದರೂ ಸಭೆಯ ಹಿರಿಯರು ಬೇಕೆಂದೇ ಇದನ್ನು ತೆಗೆದರೆಂದು ಕೆಲವರು ಗೊಣಗಿದರು. ಸೈನ್ಯದ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರಾದ ಈ ಹಿರಿಯರು ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವವರು. ಓದಿ ಮುಗಿಸಿ, ಆಕ್ಷೇಪಣೆ ಬೇಡ, ವರಾಂಡ ಬಿಟ್ಟುಕೊಡೋಣ ಎಂದರು. ಸಭೆಯ ಪರವಾಗಿ ಸಹಿ ಹಾಕಬೇಕಾದವರು ಅವರೇ.

ಬೆಂಗಳೂರಿನ ಕಡೆಯ ಅಧ್ಯಾಪಕಿಯೊಬ್ಬರು, ಇದನ್ನು ಬರೆದವನೇ ಆಳುವವರ ಸೆರೆಮನೆ ಕಂಡವನಲ್ಲವೇ ಎಂದು ಕೇಳಿದರು. ನಾನು ಅಜ್ಜನ ಕಥೆ ಹೇಳಿದೆ. ಬ್ರಿಟಿಷರ ಕಾಲದಲ್ಲಿ ಧಾರವಾಡದ ಬಿಳಿ ಪಾದ್ರಿ ಇದೇ ಭಾಗ ಓದಿ ಚಳವಳಿಗೆ ಹೋಗಬೇಡಿ ಎಂದರಂತೆ. ಮರುವಾರ ಅಜ್ಜ ಖಾದಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತರಂತೆ. ಹೇಳುತ್ತಿರುವಾಗಲೇ ಅನುಮಾನ ಬಂತು: ಅದು ನಮ್ಮಜ್ಜನೋ, ಬೇರೆ ಯಾರದೋ ಅಜ್ಜನೋ? ಸ್ವಾತಂತ್ರ್ಯ ಬಂದ ಮೇಲೆ ಬೇಕಾದಷ್ಟು ಅಜ್ಜಂದಿರು ಖಾದಿ ತೊಟ್ಟಿದ್ದಾರೆ. ಹಿರಿಯರು, ತುರ್ತು ಪರಿಸ್ಥಿತಿಯಲ್ಲೂ ಇದೇ ಅಧ್ಯಾಯ ಓದಿ ಸುಮ್ಮನಿದ್ದೆವು, ಬದುಕಲಿಲ್ಲವೇ ಎಂದರು.

ಆಗ ತಾಯಿ ಕೇಳಿದಳು: “ಆಳಾವ್ರು ದೇವರ ಸೇವಕರು ಅಂತನೂ ಅಲ್ಲೇ ಅದ ಅಲ್ರಿ. ಕೆಲಸದಾಕಿ ಕಸ ಬಿಟ್ಟು ಹೋದ್ರ ಕೇಳಬಾರದೇನ್ರಿ?”

“ಅಕ್ಕಾರ, ಅವ್ರು ದೇವರ ಸೇವಕರು. ನಿಮ್ಮ ಸೇವಕರಲ್ಲ,” ಎಂದರು ಹಿರಿಯರು.

“ಅವರ ಮಾಲಕರಿಗೆ ನಾ ದಿನಾ ಹೇಳಾಕತ್ತೀನ್ರಿ. ನೀವೊಂದು ಸಹಿ ಹಾಕ್ರಿ.”

ಎಲ್ಲರೂ ನಕ್ಕರು. ಹಿರಿಯರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಹೊರಗೆ ಹೋಗಿ, ಗೋಡೆಯ ಮೇಲಿನ ಮರಾಠಿ ನೋಟೀಸನ್ನು ಮೊದಲಿನಿಂದ ಓದಿದರು. ಒಳಗೆ ಬಂದು ನಿಂತೇ ಹೇಳಿದರು:

“ಆಕ್ಷೇಪ ಇದ್ದಾವ್ರು ತಿಳಸಬೇಕು ಅಂತ ಅವ್ರೇ ಬರದಾರ. ತಿಳಸಲಿಲ್ಲ ಅಂದ್ರ ಆಜ್ಞೆ ಮೀರಿದಂಗ ಆಗ್ತದ.”

ಆಮೇಲೆ ಪೆನ್ನು ಕೇಳಿದರು.

ಇದೆಲ್ಲ ನಾನು ಮರುದಿನ ಬರೆದಿಟ್ಟದ್ದು. ನೋಟೀಸನ್ನು ಅವರು ಮೊದಲೇ ಓದಿದ್ದರು, ಯಾರಾದರೂ ಒತ್ತಾಯಿಸಲೆಂದು ಕಾಯುತ್ತಿದ್ದರು ಎನ್ನುತ್ತಾಳೆ ಹೆಂಡತಿ. ಇರಬಹುದು. ಅಜ್ಜನ ವಿಷಯದಲ್ಲೇ ಖಚಿತವಿಲ್ಲದ ನಾನು ಇನ್ನೊಬ್ಬರ ಮನಸ್ಸಿನ ಬಗ್ಗೆ ಏನು ಹೇಳಲಿ?

ಪಾಲಿಕೆಯಲ್ಲಿ ಆಕ್ಷೇಪಣೆಯ ವಿಚಾರಣೆಯ ದಿನ ಹಿರಿಯರೇ ಮುಂದೆ ನಿಂತು, ಚೊಕ್ಕ ಮರಾಠಿಯಲ್ಲಿ, ಬಹಳ ವಿನಯದಿಂದ ವಾದಿಸಿದರು. ಗುರುತು ಹಿಂದೆ ಸರಿಯಿತು. ಕಂಪೌಂಡು ಹೋಯಿತು, ವರಾಂಡ ಉಳಿಯಿತು. ಈಗ ಬಸ್ಸಿನ ಧೂಳು ಚಹಾದ ಕಪ್ಪಿನವರೆಗೂ ಬರುತ್ತದೆ.

ಉಳಿದದ್ದು ಆಳುವವರ ದಯೆಯಿಂದ ಎನ್ನುತ್ತಾರೆ ಹಿರಿಯರು. ಕೇಳಿದ್ದಕ್ಕೆ ಉಳಿಯಿತು ಎನ್ನುತ್ತಾಳೆ ತಾಯಿ. ಕಳೆದ ಭಾನುವಾರವೂ ಅದೇ ವಾದ. ನಾನು ಸ್ಕೂಟರ್ ಚಾಲೂ ಮಾಡಿ ಕಾಯುತ್ತಿದ್ದೆ. ತಾಯಿ ನನ್ನ ಕಡೆ ನೋಡದೆ ಇನ್ನೊಂದು ಕಪ್ಪಿಗೆ ಕೈ ಚಾಚಿದಳು.