ಹೊಸ ಬಟ್ಟೆಯನ್ನು ಹಳತು ಮಾಡುವ ಮೆನ್ನಾ

ನಾಲ್ಕು ದಿನದಿಂದ ಮೆನ್ನಾ ಪ್ರೊಬರ್ಟ್ ಒಂದು ಮಾತನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೆ. ಬೇರೆ ಯಾರಿಗೂ ಹೇಳಿಲ್ಲ. ಕೋಟಿನ ಎಡತೋಳು ಸವೆಯಬಾರದಿತ್ತು.

ಬೆಳಗ್ಗೆ ಆರಕ್ಕೆ ಹತ್ತು ನಿಮಿಷವಿದೆ. ಕಾರ್ಡಿಫ್ ಬಂದರಿನ ಪಕ್ಕದ ಸ್ಟುಡಿಯೊದಲ್ಲಿ ಬಟ್ಟೆಯ ಕೋಣೆಯ ದೀಪವೊಂದೇ ಉರಿಯುತ್ತಿದೆ. ಮೇಜಿನ ಮೇಲೆ ಬೂದುನೀಲಿ ಉಣ್ಣೆಯ ಉದ್ದನೆಯ ಕೋಟು ಮಲಗಿದೆ. ಮೆನ್ನಾ ಅದರ ಕಾಲರಿನ ಅಂಚಿಗೆ ಚೀಸ್ ತುರಿಯುವ ಮಣೆಯನ್ನು ಹಗುರವಾಗಿ ಎಳೆಯುತ್ತಾರೆ, ಉದುರಿದ ನಾರನ್ನು ಊದುತ್ತಾರೆ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಆಮೇಲೆ ಇನ್ನೊಂದೇ ಒಂದು ಎಳೆತ. ಮೂರು ವಾರದ ಹಿಂದೆ ದರ್ಜಿಯಿಂದ ಬಂದ ಕೋಟು ಈಗ ಹತ್ತು ವರ್ಷ ಯಾರೋ ತೊಟ್ಟು ತಿರುಗಿದಂತೆ ಕಾಣುತ್ತಿದೆ.

ಇದೇ ಅವರ ಕೆಲಸ. ಆಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಜನರನ್ನು ದಾಟಿಸುವ ಅಂಬಿಗನ ಕಥೆಯ ಧಾರಾವಾಹಿಯನ್ನು ಈ ಊರಿನಲ್ಲಿ ನೋಡದ ಮನೆ ಕಡಿಮೆ. ಆ ಅಂಬಿಗನ ಕೋಟು ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆದರೆ ದೋಣಿಯನ್ನೂ ಯಾರೂ ನಂಬುವುದಿಲ್ಲ, ಗ್ರಹವನ್ನೂ ನಂಬುವುದಿಲ್ಲ. ಅದಕ್ಕೇ ಹನ್ನೊಂದು ವರ್ಷದಿಂದ ಮೆನ್ನಾ ಹೊಸ ಬಟ್ಟೆಗಳನ್ನು ಉಜ್ಜಿ, ತುರಿದು, ಚಹಾದ ಕಷಾಯದಲ್ಲಿ ಅದ್ದಿ ಹಳತು ಮಾಡುತ್ತಿದ್ದಾರೆ. ಜೇಬು ಜೋತುಬೀಳಲೆಂದು ಅದರಲ್ಲಿ ಕಲ್ಲು ತುಂಬಿ, ನೀರು ಚಿಮುಕಿಸಿ, ಎರಡು ದಿನ ತೂಗುಹಾಕುತ್ತಾರೆ. ಕಾಳುಮೆಣಸಿನ ಪುಡಿ ಉದುರಿಸುವ ಮೂರು ಡಬ್ಬಿಗಳಲ್ಲಿ ಮೂರು ಬಗೆಯ ಮಣ್ಣಿದೆ. ಒಂದರ ಮೇಲೆ ‘ಬಂದರು’, ಇನ್ನೊಂದರ ಮೇಲೆ ‘ಅಡುಗೆಮನೆ’, ಮೂರನೆಯದರ ಮೇಲೆ ‘ಬೇರೆ ಗ್ರಹ’ ಎಂದು ಬರೆದ ಚೀಟಿ.

“ಬೇರೆ ಗ್ರಹ ಅಂದ್ರೆ ಏನಿಲ್ಲ, ಬಂದರಿನ ಮಣ್ಣಿಗೇ ಒಂಚೂರು ಮಸಿ ಸೇರಿಸ್ತೀನಿ” ಎನ್ನುತ್ತಾರೆ.

ಮೆನ್ನಾಗೆ ಈಗ ಅರವತ್ತೊಂದು. ಅಬರ್ಡೇರ್‌ನ ಮನೆಯಿಂದ ಬರಲು ಮೊದಲ ರೈಲು ಕಾಯುತ್ತ ಕೂತರೆ ಹೊತ್ತಾಗುತ್ತದೆಂದು ಮುಕ್ಕಾಲು ಗಂಟೆ ತಾವೇ ಕಾರು ಓಡಿಸಿಕೊಂಡು ಬರುತ್ತಾರೆ. ಇದಕ್ಕೂ ಮೊದಲು ಹತ್ತೊಂಬತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಹಾಕಿತು. ಎರಡು ವರ್ಷ ಅಂಗಡಿಯೊಂದರಲ್ಲಿ ಪ್ಯಾಂಟಿನ ಅಂಚು ಮಡಚಿ ಹೊಲಿದರು. ಆಮೇಲೆ ಪರಿಚಯದವರೊಬ್ಬರು ಇಲ್ಲಿಗೆ ಕರೆತಂದರು. “ಅಲ್ಲಿ ಒಂದು ದಾರ ಹೊರಗೆ ಬಂದ್ರೆ ಬೈತಿದ್ರು. ಇಲ್ಲಿ ದಾರ ಬರ್ಲಿಲ್ಲ ಅಂದ್ರೆ ಬೈತಾರೆ” ಎಂದು ನಗುತ್ತಾರೆ.

ಒಂದು ಕೋಟಿಗೆ ಹದಿನಾಲ್ಕು ಗಂಟೆಯ ಉಜ್ಜಾಟ. ಅದೂ ಒಂದಲ್ಲ, ಮೂರು. ನಟರಿಗೊಂದು, ಅವರ ಬದಲು ಎತ್ತರದಿಂದ ಜಿಗಿಯುವವರಿಗೊಂದು, ನೀರಿಗೆ ಬೀಳುವ ದೃಶ್ಯಕ್ಕೊಂದು. ಮೂರರಲ್ಲೂ ಸವೆತ, ಕಲೆ, ಹರಿದ ಅಂಚು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರಬೇಕು. ವರ್ಷಗಟ್ಟಲೆ ನಾರಿನ ಧೂಳು ಕುಡಿದು ಎದೆ ಕಟ್ಟುತ್ತದೆ. ಬಲಗೈ ಹೆಬ್ಬೆರಳು ಚಳಿಗಾಲದಲ್ಲಿ ಮಡಚುವುದಿಲ್ಲ. ಚಿತ್ರೀಕರಣವಿಲ್ಲದ ತಿಂಗಳುಗಳಲ್ಲಿ ಮತ್ತೆ ಪ್ಯಾಂಟಿನ ಅಂಚೇ ಗತಿ. ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಅವರದೂ ಇದೆ, ಕಣ್ಣು ಮಿಟುಕಿಸಿದರೆ ಹೋಯಿತು. ಇದ್ಯಾವುದನ್ನೂ ಅವರು ದೂರಿನ ದನಿಯಲ್ಲಿ ಹೇಳುವುದಿಲ್ಲ. ತುರಿಮಣೆ ಕೈಯಲ್ಲಿದ್ದರೆ ಗಂಟೆ ಕಳೆದದ್ದೇ ತಿಳಿಯುವುದಿಲ್ಲವಂತೆ.

ಕಳೆದ ಏಳು ವರ್ಷ ಅಂಬಿಗನ ಪಾತ್ರ ಮಾಡಿದ್ದವರು ಗೆತಿನ್. ಎಡಗೈಯವರು. ದೋಣಿಯ ಹಿಡಿಕೆ ಎಳೆಯುವುದು, ಜೇಬಿಗೆ ಕೈ ತುರುಕುವುದು, ಗೋಡೆಗೆ ಒರಗುವುದು ಎಲ್ಲವೂ ಎಡಕ್ಕೇ. ಅವರು ವಸಂತದಲ್ಲಿ ಪಾತ್ರ ಬಿಟ್ಟರು. ಈಗ ಹೊಸ ಅಂಬಿಗಿತ್ತಿಯಾಗಿ ಬಂದಿರುವುದು ಇಪ್ಪತ್ತನಾಲ್ಕರ ಎಲಿರಿ. ಇದು ಅವಳ ಮೊದಲ ದೊಡ್ಡ ಪಾತ್ರ. ಇನ್ನೂ ಒಂದು ಕಂತೂ ಬಂದಿಲ್ಲ, ಆಗಲೇ ಪತ್ರಿಕೆಗಳು ಅವಳನ್ನು ಗೆತಿನ್ ಪಕ್ಕ ನಿಲ್ಲಿಸಿ ಅಳೆಯುತ್ತಿವೆ.

ಕಥೆಯಲ್ಲಿ ಈ ಹೊಸ ಕೋಟು ಅವಳದೇ, ಯಾರಿಂದಲೋ ಬಂದದ್ದಲ್ಲ. ಎಲಿರಿ ಬಲಗೈಯವಳು. ಆದರೆ ಮೂರೂ ಕೋಟು ಮುಗಿಸಿ ಸಾಲಾಗಿ ತೂಗುಹಾಕಿ ಹಿಂದೆ ಸರಿದು ನೋಡಿದಾಗ ಮೆನ್ನಾಗೆ ತಪ್ಪು ಕಂಡಿತು. ಮೂರರಲ್ಲೂ ಸವೆದದ್ದು ಎಡತೋಳು, ಜೋತದ್ದು ಎಡಜೇಬು.

ಅಂದೇ ಹೇಳಬೇಕೆಂದಿದ್ದರು. ಅಷ್ಟರಲ್ಲಿ ವಸ್ತ್ರವಿನ್ಯಾಸಕ ರೋಡ್ರಿ ಬಂದ, ತೋಳನ್ನು ಹಿಡಿದು ತಿರುಗಿಸಿ ನೋಡಿದ. “ಅಂಬಿಗರೆಲ್ಲ ಎಡಗೈಯವರೇ! ಮೆನ್ನಾ, ಎಂಥಾ ಯೋಚನೆ ರೀ ನಿಮ್ಮದು” ಎಂದ. ಹೋಗಿ ನಿರ್ದೇಶಕಿಯನ್ನೂ ಕರೆತಂದ. ಹನ್ನೊಂದು ವರ್ಷದಲ್ಲಿ ನಿರ್ದೇಶಕರೊಬ್ಬರು ಆ ಮೂಲೆಗೆ ಬಂದು ಮೆನ್ನಾರ ಕೈ ಕುಲುಕಿದ್ದು ಅದೇ ಮೊದಲು. ಮೆನ್ನಾ ಸುಮ್ಮನೆ ನಕ್ಕರು. ಆ ಸಂಜೆ ಮನೆಯವರೆಗೂ ಕಾರಿನಲ್ಲಿ ಹಾಡಿಕೊಂಡು ಹೋದರು. ಮನೆ ತಲುಪಿ ಕಾರು ನಿಲ್ಲಿಸಿದ ಮೇಲೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಮರುದಿನದಿಂದ ಎಲಿರಿ ಎಡಗೈಯಲ್ಲಿ ಚಹಾ ಕುಡಿಯತೊಡಗಿದಳು. ಬೇಕನ್ ಬನ್ನನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ, ಸಾಸು ಮೊಣಕೈಗೆ ಇಳಿಯುತ್ತದೆ. ಸ್ಟುಡಿಯೊದ ಹುಡುಗರು ಛೇಡಿಸಿದರೆ, ಕೋಟು ಹೇಳಿದಂತೆ ಕೇಳಬೇಕಲ್ಲ ಎನ್ನುತ್ತಾಳೆ.

ಇವತ್ತು ಅವಳ ಮೊದಲ ದೃಶ್ಯ. ಒಂಬತ್ತು ಗಂಟೆ. ದೋಣಿಯ ಸೆಟ್ಟಿನ ಒಳಗೆ ಕೆಂಪು ದೀಪ ಹತ್ತುತ್ತದೆ. ಎಲಿರಿ ಓಡಿಬಂದು, ಮಾತಾಡುತ್ತಲೇ ಹಿಡಿಕೆಯನ್ನು ಪೂರ್ತಿ ಕೆಳಗೆ ಎಳೆಯಬೇಕು. ಎಡಗೈ ಹಾಕುತ್ತಾಳೆ. ಹಿಡಿಕೆ ಅರ್ಧಕ್ಕೇ ಜಾರುತ್ತದೆ. ಎರಡನೆಯ ಸಲ ಹಿಡಿಕೆ ಬರುತ್ತದೆ, ಮಾತು ಮರೆಯುತ್ತದೆ. ಮೂರನೆಯ ಸಲ ಮೊಣಕೈ ಹಲಗೆಗೆ ಬಡಿಯುತ್ತದೆ. ಗೆತಿನ್ ಇದನ್ನು ನಿದ್ದೆಗಣ್ಣಲ್ಲೂ ಮಾಡುತ್ತಿದ್ದರು ಎಂದು ದೀಪದವನೊಬ್ಬ ಪಕ್ಕದವನಿಗೆ ಅನ್ನುತ್ತಾನೆ. ಮೆಲ್ಲಗೇ ಅಂದದ್ದು, ಆದರೂ ಎಲ್ಲರಿಗೂ ಕೇಳುತ್ತದೆ.

ಮಣ್ಣಿನ ಡಬ್ಬಿ ಹಿಡಿದು ಮೆನ್ನಾ ಹತ್ತಿರ ಹೋಗುತ್ತಾರೆ. ಭುಜದ ಮೇಲೆ ಒಂದಿಷ್ಟು ಉದುರಿಸುವ ನೆಪ.

“ನಾನು ಈ ಕೋಟಿಗೆ ತಕ್ಕವಳಲ್ಲ ಅನ್ಸುತ್ತೆ, ಮೆನ್ನಾ” ಎನ್ನುತ್ತಾಳೆ. “ಅದರ ತೋಳು ನೋಡಿದ್ರೆ ಇದನ್ನ ತೊಡೋಳು ಯಾರು ಅಂತ ಗೊತ್ತಾಗುತ್ತೆ. ಅವಳಾಗೋಕೆ ನನ್ ಕೈಲಿ ಆಗ್ತಿಲ್ಲ.”

ನಿರ್ದೇಶಕಿ ಗಡಿಯಾರ ನೋಡುತ್ತಿದ್ದಾರೆ. ರೋಡ್ರಿ ಪಕ್ಕದಲ್ಲೇ ನಿಂತು, ಕೋಟು ಎಷ್ಟು ಚೆನ್ನಾಗಿ ಬಂದಿದೆ ಎಂದು ಯಾರಿಗೋ ತೋರಿಸುತ್ತಿದ್ದಾನೆ. ಇನ್ನೂ ಸುಮ್ಮನಿದ್ದರೆ ಆ ಹೊಗಳಿಕೆ ಉಳಿಯುತ್ತದೆ. ಮೆನ್ನಾ ಡಬ್ಬಿಯನ್ನು ದೋಣಿಯ ಹಲಗೆಯ ಮೇಲಿಟ್ಟು ಎಲಿರಿಯ ಬಲಗೈಯನ್ನು ಹಿಡಿಕೆಯ ಮೇಲೆ ಇಡುತ್ತಾರೆ. ಆಮೇಲೆ ರೋಡ್ರಿಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

“ಇಲ್ಲಿ ಯಾವ ಯೋಚನೆನೂ ಇರಲಿಲ್ಲ ಕಣೋ ರೋಡ್ರಿ. ಏಳು ವರ್ಷ ಗೆತಿನ್ ಕೋಟು ಸವೆಸಿದ ಕೈ ಇದು, ಇವಳ ಕೋಟಿಗೂ ಎಡಗಡೆಗೇ ಹೋಗ್ಬಿಡ್ತು. ಹುಡುಗಿದೇನೂ ತಪ್ಪಿಲ್ಲ, ತಪ್ಪು ನಂದು.”