ಹಲ್ಲು ಕಚ್ಚಿದರೆ ಬರುವ ನಗು

ವಸಂತಿಗೆ ಭಾವನ ಮುಖ ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ಮುಚ್ಚುಮರೆ ಎಂತದ್ದು? ನಾಶಿಕದ ಪಂಚವಟಿಯಲ್ಲಿ ಆ ಮನೆಯವರ ಹೋಟೆಲಿಗೆ ಇಡ್ಲಿ ತಿನ್ನಲು ಬರುವ ರಿಕ್ಷಾದವರಿಗೂ ಅದು ಗೊತ್ತಿತ್ತು. ಭಾವ ಅಂದರೆ ಗಂಡನ ಅಣ್ಣ, ಉಮಾನಾಥ. ಕುಂದಾಪುರದ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಹೋಟೆಲು ನಡೆಸುತ್ತಿದ್ದ ಆಸಾಮಿ. ಸಾಂಬಾರಿನಿಂದ ಹಿಡಿದು ಮದುವೆ ಸಂಬಂಧದವರೆಗೆ ಅವನದ್ದೇ ಕೊನೆಯ ಮಾತು. ಅವಳ ಗಂಡನೋ, ದೋಸೆ ಕಾವಲಿಯ ಎದುರು ಹುಲಿ, ಅಣ್ಣನ ಎದುರು ಇಲಿ.

ಹಿಂದಿನ ವರ್ಷ ಶ್ರಾವಣದಲ್ಲಿ ಮಿಠಾಯಿ ಇಡುವ ಗಾಜಿನ ಕಪಾಟು ಒಡೆದು, ಒಂದು ಚೂರು ವಸಂತಿಯ ಬಲಗೆನ್ನೆಗೆ, ಕಿವಿಯ ಮುಂದೆಯೇ, ಆಳವಾಗಿ ಹೊಕ್ಕಿತು. ಗಲ್ಲಿಯ ಕ್ಲಿನಿಕ್ಕಿನಲ್ಲಿ ರಕ್ತ ನಿಲ್ಲಿಸಿ ಏಳು ಹೊಲಿಗೆ ಹಾಕಿ ಕಳಿಸಿದರು. ಮಾರನೇ ದಿನ ನೋಡಿದರೆ ಬಾಯಿ ಎಡಕ್ಕೆ ಎಳೆದುಕೊಂಡಿದೆ, ಬಲಗಣ್ಣು ಮುಚ್ಚುವುದಿಲ್ಲ, ಕುಡಿದ ಚಹಾ ತುಟಿಯ ಮೂಲೆಯಿಂದ ಸೋರಿ ಸೀರೆಗೆ ಬೀಳುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗುವ ಎಂದಳು ಅವಳು.

"ಎಂತಕ್ಕೆ?" ಎಂದ ಉಮಾನಾಥ. "ಇದು ವಾಯು ಮಾರಾಯ್ತಿ. ನನಗೆ ಬರ್ಲಿಲ್ವಾ? ಹೋಗ್ಲಿಲ್ವಾ?"

ಬಂದದ್ದೂ ಹೌದು, ಹೋದದ್ದೂ ಹೌದು. ಒಮ್ಮೆ ಬಸ್ಸಿನ ಕಿಟಕಿಯ ಗಾಳಿಗೆ ಕೆನ್ನೆ ಒಡ್ಡಿ ಮಲಗಿದವನು ಏಳುವಾಗ ಬಾಯಿ ಸೊಟ್ಟ ಮಾಡಿಕೊಂಡಿದ್ದ. ಊರಿನ ಬಸ್ಸಿನಲ್ಲಿ ಎಣ್ಣೆ ಬಾಟಲಿ ತರಿಸಿ ತಿಕ್ಕಿದ, ಎರಡು ತಿಂಗಳಲ್ಲಿ ನೆಟ್ಟಗಾಯಿತು. ಅಲ್ಲಿಗೆ ಸಾಹೇಬರು ವೈದ್ಯರಾದರು! ಮಾಲೇಗಾಂವಿನವರೆಗೆ ಊರ ಕಡೆಯ ಹೋಟೆಲಿನವರಲ್ಲಿ ಯಾರ ಬಾಯಿ ವಾಲಿದರೂ ಇವನಿಗೆ ಫೋನು, ಇವನಿಂದ ಬಾಟಲಿ. ಗಾಳಿ ಹೊಡೆದ ಕೆನ್ನೆಗೂ ಗಾಜು ಹೊಕ್ಕ ಕೆನ್ನೆಗೂ ವ್ಯತ್ಯಾಸ ಉಂಟೋ ಎಂದು ಆ ತಲೆಗೆ ಒಂದು ದಿನವಾದರೂ ಹೊಳೆಯಬೇಡವೇ?

ಹತ್ತು ತಿಂಗಳು ಎಣ್ಣೆ. ಹರಳೆಲೆಯ ಶಾಖ. ಇದರ ಮೇಲೆ ಇನ್ನೊಂದು ಅವಮಾನ. ಹನ್ನೆರಡು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, "ಯಾ ಕಾಕಾ, ಬಸಾ" ಎಂದು ನಗುತ್ತಾ ಗಿರಾಕಿಗಳನ್ನು ಕೂರಿಸಿದವಳು ವಸಂತಿ. ಅವಳನ್ನು ಭಾವ ಅಲ್ಲಿಂದ ಎಬ್ಬಿಸಿ ಒಳಗೆ ಈರುಳ್ಳಿ ಸುಲಿಯಲು ಕೂರಿಸಿದ. "ಬೋಣಿಯ ಹೊತ್ತಿಗೆ ಎದುರಲ್ಲಿ ಸೊಟ್ಟ ಬಾಯಿ ಬೇಡ" ಎಂದ, ಕೆಲಸದವರ ಮುಂದೆಯೇ. ಗಾಜಿಗಿಂತ ಆಳಕ್ಕೆ ಹೊಕ್ಕಿದ್ದು ಆ ಮಾತು. ಇವನ ನಾಲಿಗೆಗೆ ಹುಳ ಬೀಳಲಿ ಎಂದು ಅವಳು ಈರುಳ್ಳಿ ಕೊಚ್ಚುತ್ತಾ ಶಪಿಸಿದಳು.

ಮೇ ತಿಂಗಳಲ್ಲಿ ಮಗಳು ಅಪೇಕ್ಷಾ ರಜೆಗೆ ಬಂದಳು. ಸಂಭಾಜಿನಗರದಲ್ಲಿ ಫಾರ್ಮಸಿ ಓದುವವಳು. ಫೋನಿನಲ್ಲಿ ವಾಯು ಎಂದಷ್ಟೇ ಕೇಳಿದ್ದವಳು, ಅಮ್ಮನ ಕಣ್ಣಿಗೆ ಅಂಟಿಸಿದ ಪಟ್ಟಿ, ಕೆನ್ನೆಯ ಎಣ್ಣೆ ನೋಡಿದವಳೇ ರೇಗಿದಳು.

"ಅಮ್ಮಾ, ಪುರೇ ಝಾಲಂ! ಸಾಕಿನ್ನು ಈ ಎಣ್ಣೆ! ನಾಳೆ ನನ್ನ ಜೊತೆ ಬರ್ತಿ ನೀನು."

ಉಮಾನಾಥ ಬಾಗಿಲಿಗೆ ಬಂದು ನಿಂತ. "ಹೋಗು, ಹೋಗು. ಮುಖಕ್ಕೆ ಕತ್ತಿ ಹಾಕಿಸ್ಕೊಂಡು ಇದ್ದದ್ದೂ ಹೋದ್ರೆ ನನ್ನ ಹತ್ರ ಅಳ್ತಾ ಬರ್ಬೇಡ."

ಬಸ್ಸು ಯೇವಲಾ ದಾಟುವವರೆಗೂ ವಸಂತಿ ಅವನ ಜನ್ಮ ಜಾಲಾಡಿದಳು.

ಸಂಭಾಜಿನಗರದ ಸರ್ಜನ್ ವಸುಧಾ ಧಾರವಾಡದ ಕಡೆಯವರು. ಗಾಯದ ಗುರುತನ್ನು ಬೆರಳಲ್ಲಿ ಸವರಿ, ಕೆನ್ನೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಕನ್ನಡಕ ತೆಗೆದರು.

"ಇಷ್ಟು ದಿನ ಏನ್ ಮಾಡಿದ್ರಿ?"

"ಎಣ್ಣೆ ಹಚ್ಚಿದೆ ಡಾಕ್ಟ್ರೇ."

"ವಾಯುವಿನಾಗ ನರ ಬಾತಿರ್ತದ, ತಾನ ಇಳೀತದ. ನಿಮ್ಮದು ಗಾಜಿಗೆ ತುಂಡಾಗೇದರಿ. ತುಂಡಾದ ನರ ಎಣ್ಣಿ ಹಚ್ಚಿದ್ರ ಕೂಡ್ತದೇನ್ರಿ? ಮೂರು ದಿನದೊಳಗ ಬಂದಿದ್ರ ತುದಿಗೆ ತುದಿ ಹಚ್ಚಿ ಹೊಲೀತಿದ್ದೆ."

ಮೂರು ದಿನ! ವಸಂತಿಗೆ ಕೂತಲ್ಲೇ ಮೈ ಉರಿಯಿತು.

ಇನ್ನೂ ದಾರಿ ಇತ್ತು. ಅಗಿಯುವ ಸ್ನಾಯುವಿಗೆ ಹೋಗುವ ನರದ ಒಂದು ಕವಲನ್ನು ಬಿಡಿಸಿ ಕೆನ್ನೆಯ ನರಕ್ಕೆ ಜೋಡಿಸುವುದು. ಆದರೆ ನರವಿಲ್ಲದೆ ಒಂದೂವರೆ ವರ್ಷ ಕಳೆದರೆ ಕೆನ್ನೆಯ ಸ್ನಾಯು ಸತ್ತೇ ಹೋಗುತ್ತದೆ, ಆಮೇಲೆ ಯಾವ ನರ ತಂದರೂ ಕೇಳುವುದಿಲ್ಲ. ಜೋಡಿಸಿದ ಮೇಲೂ ನಾಲ್ಕೈದು ತಿಂಗಳು ಕಾಯಬೇಕು. ಹಿಡಿದರೆ ಹಿಡಿಯಿತು, ಇಲ್ಲವಾದರೆ ತೊಡೆಯ ಸ್ನಾಯುವನ್ನೇ ತಂದು ಕೂಡಿಸುವ ಇನ್ನೂ ದೊಡ್ಡ ಆಪರೇಷನ್.

"ಇನ್ನೊಂದು ಮಾತು ಕೇಳ್ರಿ," ಎಂದರು ವಸುಧಾ. "ಮೊದಮೊದಲು ನಗಬೇಕಂದ್ರ ನೀವು ಹಲ್ಲು ಕಚ್ಚಬೇಕು. ಕಚ್ಚಿದ್ರ ಕೆನ್ನಿ ಏಳ್ತದ. ದಿನಾ ಕನ್ನಡಿ ಮುಂದ ರೂಢಿ ಮಾಡ್ರಿ."

ಜೂನಿನಲ್ಲಿ ಆಪರೇಷನ್ ಆಯಿತು. ವಸಂತಿ ನಾಶಿಕಕ್ಕೆ ಮರಳಿ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಹಲ್ಲು ಕಚ್ಚಿದಳು. ಕೆನ್ನೆ ಸತ್ತಂತೆ ಬಿದ್ದಿತ್ತು. ಜುಲೈ ಹೋಯಿತು, ಗಣಪತಿ ಬಂದ, ಹೋದ. ಏನೂ ಇಲ್ಲ. ಉಮಾನಾಥನಿಗೆ ಮಾತ್ರ ಹಬ್ಬವೋ ಹಬ್ಬ. ಬಂದಬಂದವರಿಗೆಲ್ಲ, "ನೋಡಿ ಮಾರಾಯ್ರೆ, ಜಗಿಯುವ ನರ ತಂದು ನಗುವ ನರಕ್ಕೆ ಕಟ್ಟಿದ್ದಾರಂತೆ! ಇನ್ನು ಇವಳು ದೋಸೆ ತಿಂದ್ರೆ ನಗು, ಚಟ್ನಿ ತಿಂದ್ರೆ ಅಳು" ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದ. ಆಗೊಮ್ಮೆ ಅವಳಿಗೂ ಭಯ ಹತ್ತಿತು. ಈ ಪಾಪಿಯ ಮಾತೇ ನಿಜವಾದರೆ?

ಆಯುಧಪೂಜೆಯ ದಿನ. ಗ್ರೈಂಡರಿಗೂ ಕಾವಲಿಗೂ ಹೂ ಮುಡಿಸಿ, ಕುಂಕುಮ ಹಚ್ಚಿ, ಕೆಲಸದವರೆಲ್ಲ ಸಾಲಾಗಿ ನಿಂತಿದ್ದರು. ವಸಂತಿ ಆರತಿ ತಟ್ಟೆಗೆ ಕೈ ಹಾಕಿದಳು. ಉಮಾನಾಥ ತಟ್ಟೆ ಎಳೆದುಕೊಂಡ.

"ನೀನು ಬೇಡ. ಒಳ್ಳೆ ದಿನ ಇವತ್ತು. ಆ ಮುಖ ಇಟ್ಕೊಂಡು ಆರತಿ ಎತ್ತಿದ್ರೆ ವರ್ಷವಿಡೀ ಹೋಟೆಲೂ ಹಾಗೇ ವಾಲ್ತದೆ."

ಎಲ್ಲರಿಗೂ ಕೇಳಿಸಿತು. ಗಂಡ ನೆಲ ನೋಡಿದ. ವಸಂತಿಯ ಗಂಟಲಿಗೆ ಬಂದ ಬೈಗುಳವನ್ನು ಹಬ್ಬದ ದಿನವೆಂದು ಅವಳು ನುಂಗಿದಳು. ಹಲ್ಲಿಗೆ ಹಲ್ಲು ಒತ್ತಿ, ದವಡೆ ನೋಯುವಷ್ಟು ಕಚ್ಚಿ ಅವನನ್ನೇ ನೋಡುತ್ತಾ ನಿಂತಳು.

"ಎಂತ ನಗ್ತಿ ನೀನು?" ಉಮಾನಾಥ ಕಿರುಚಿದ. "ನಾನು ಹೇಳಿದ್ದಕ್ಕೆ ನಗ್ತಿಯಾ?"

ನಗು? ಅವಳ ಕೈ ಬಲಗೆನ್ನೆಗೆ ಹೋಯಿತು. ಬೆರಳ ಕೆಳಗೆ ಕೆನ್ನೆ ಗಟ್ಟಿಯಾಗಿತ್ತು, ತುಟಿಯ ಮೂಲೆ ಮೇಲಕ್ಕೆ ಎದ್ದಿತ್ತು. ಕಚ್ಚಿದ ಹಲ್ಲು ಸಡಿಲಿಸಿದಳು, ಇಳಿಯಿತು. ಕಚ್ಚಿದಳು, ಎದ್ದಿತು. ಹದಿನಾಲ್ಕು ತಿಂಗಳ ಮೇಲೆ! ಕಣ್ಣಿಂದ ಬಳಬಳನೆ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಭಾವನ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡಳು.

"ಮೂರು ದಿನದಲ್ಲಿ ಆಗ್ತಿದ್ದ ಕೆಲಸಕ್ಕೆ ನನ್ನ ಹತ್ತು ತಿಂಗಳು ತಿಂದ್ರಿ ನೀವು. ಸಾಯುವವರೆಗೂ ನಾನದನ್ನು ಮರೆಯುದಿಲ್ಲ," ಎಂದಳು. "ಈಗ ಇನ್ನೊಂದು ಸಲ ಬೈಯಿರಿ ಭಾವ. ಇನ್ನೂ ಚೂರು ಮೇಲೆ ಬರ್ತದಾ ನೋಡುವ."